ಅವರೆ ಚಪ್ಪರದಲ್ಲಿ ನೇತಾಡಿದ ರೇಡಿಯೋ

ನನ್ನ ಮಾವನ ಹತ್ತಿರ ಬೈಸಿಕೊಳ್ಳದ ರೇಡಿಯೋ ಈ ತಾಲ್ಲೂಕಿನಲ್ಲೇ ಇಲ್ಲ! ಮನುಷ್ಯರ ಜೊತೆ ಜಗಳವಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅಮ್ಮನ ಈ ಅಣ್ಣ ಜಗಳವಾಡುವುದು ರೇಡಿಯೋ ಜೊತೆ. ಅದು "ನಮಸ್ಕಾರ ಕೇಳುಗರೇ" ಎಂದರೆ ಇವರು ಹೊಲಿಗೆ ಮಿಷನ್ನು ನಿಲ್ಲಿಸಿ, "ನಮಸ್ಕಾರ, ಎಂತ ಇವತ್ತು ಎರಡು ನಿಮಿಷ ಲೇಟು?" ಎಂದು ವಿಚಾರಿಸುತ್ತಾರೆ. ಹಾಡು ಶುರುವಾದರೆ ಇವರದೂ ಶುರು. ಗಂಟಲಿದೆ, ಉತ್ಸಾಹವಿದೆ, ಸ್ವರ ಒಂದನ್ನು ಮಾತ್ರ ದೇವರು ಕೊಡಲು ಮರೆತ.

ಮಾವ ನರಸಿಂಹರಾಜಪುರದಲ್ಲಿ ಟೈಲರ್. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತೊಡೆಯ ಮೇಲೆ ಪಾದ್ರಿಗಳ ಬಿಳಿ ನಿಲುವಂಗಿ! ಚರ್ಚಿನ ಹಾಡುವವರ ಬಟ್ಟೆ, ಮಕ್ಕಳ ಮೊದಲ ಪರಮಪ್ರಸಾದದ ಫ್ರಾಕು, ಎಲ್ಲ ಇವರ ಅಂಗಡಿಯದೇ. ಪಕ್ಕದಲ್ಲಿ ಅತ್ತೆ ಕೂತು ಕಾಜಾ ಹೊಲಿಯುತ್ತಿದ್ದರು. ಎದುರಿನ ಗುಡ್ಡದ ಮೇಲೆ ಚರ್ಚಿನವರು ನಡೆಸುತ್ತಿದ್ದ ಪುಟ್ಟ ರೇಡಿಯೋ ಕೇಂದ್ರ. ದಿನವಿಡೀ ಯೇಸುವಿನ ಹಾಡು: ಕನ್ನಡದಲ್ಲಿ, ಕೊಂಕಣಿಯಲ್ಲಿ, ಮಲಯಾಳದಲ್ಲಿ.

"ಅಲ್ಲ ಮಾವ, ನಿಮಗೆ ಮಲಯಾಳ ಅರ್ಥ ಆಗ್ತದಾ?" ಎಂದು ಒಮ್ಮೆ ಕೇಳಿದೆ.

"ನಂಗೆ ಆಗೋದು ಬೇಡ ಮಾರಾಯ್ತಿ, ಮಿಷನ್ನಿಗೆ ಆಗ್ತದೆ. ಮಲಯಾಳ ಹಾಡಿಗೆ ಹೊಲಿಗೆ ನೇರ ಬೀಳ್ತದೆ. ಕೊಂಕಣಿ ಹಾಕಿದ್ರೆ ಕಾಲು ಓಡ್ತದೆ. ಆ ಹೊತ್ತಿಗೆ ಕಿಟಕಿ ಪರದೆ ಮಾತ್ರ ಹೊಲಿಯೋದು."

ಈ ರೇಡಿಯೋಕ್ಕೆ ಒಂದು ಪದ್ಧತಿಯಿತ್ತು. ಕಾರ್ಡು ಬರೆದು ಹಾಕಿದರೆ ಅನೌನ್ಸರ್ ಅಕ್ಕ ಹೆಸರು ಓದಿ ಹಾಡು ಹಾಕುತ್ತಿದ್ದರು. ಬೆಳಿಗ್ಗೆ ಶುಭಾಶಯದ ಹಾಡು. ಸಂಜೆ ಆರಕ್ಕೆ, ತೀರಿಕೊಂಡವರಿಗೆ ನೆನಪಿನ ಹಾಡು. ನಾನು ಬಿ.ಎ. ಪಾಸಾದೆ. ನಮ್ಮ ಎರಡೂ ಮನೆತನದಲ್ಲಿ ಮೊದಲ ಡಿಗ್ರಿ! ಮಾವ ಕಾರ್ಡು ಹಾಕಿದರು. ಎಲ್ಲಿಗೆ? ಸಂಜೆಯ ಕಾರ್ಯಕ್ರಮಕ್ಕೆ! ಪದವೀಧರೆಯಾದ ನನ್ನ ನೆನಪಿಗಾಗಿ ಆರು ನಿಮಿಷದ ಹಾಡು ಇಡೀ ತಾಲ್ಲೂಕಿಗೆ ಕೇಳಿಸಿತು. ಹಾಡು ಮುಗಿಯುವುದರೊಳಗೆ ಪಕ್ಕದ ಕೇರಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದರು. ಬಾಗಿಲು ತೆರೆದವಳು ನಾನು.

"ಅಯ್ಯೋ, ನೀನೇ ಬಾಗ್ಲು ತೆಗೀತಿಯಲ್ಲೇ!" ಎಂದು ಒಬ್ಬರು ಮೆಟ್ಟಿಲ ಮೇಲೆಯೇ ಕುಸಿದರು.

ಮಾವನಿಗೆ ಪಶ್ಚಾತ್ತಾಪವೇ? "ಬೆಳಿಗ್ಗೆ ಯಾರು ಕೇಳ್ತಾರೆ, ಹಾಲು ಕರೆಯೋರು! ಸಂಜೆ ಆದ್ರೆ ಊರೇ ಕೇಳ್ತದೆ. ನೀನು ಪಾಸಾದದ್ದು ಊರಿಗೆ ಗೊತ್ತಾಯ್ತೋ ಇಲ್ವೋ?"

ಗೊತ್ತಾಯಿತು. ಈಗಲೂ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ ಬೆಚ್ಚುವವರಿದ್ದಾರೆ.

ಒಂದು ದಿನ ಆ ಅನೌನ್ಸರ್ ಅಕ್ಕ ರೆಕಾರ್ಡರ್ ಹಿಡಿದು ಅಂಗಡಿಗೇ ಬಂದರು, ಕಸುಬಿನವರ ಮಾತು ಕೇಳಲು. ಮಾವ ಮುಕ್ಕಾಲು ಗಂಟೆ ಮಾತಾಡಿ, ಚಾ ತರಲು ಹೋದರು. ಆಗ ಅಕ್ಕ ಅತ್ತೆಯನ್ನೂ ಏನೋ ಕೇಳಿದರಂತೆ, ಅತ್ತೆಯೂ ಏನೋ ಹೇಳಿದರಂತೆ. ಅದು ಪ್ರಸಾರವಾದ ದಿನ ಮಾವ "ಕೇಳಿ, ಕೇಳಿ, ಅದು ನಾನೇ!" ಎಂದು ರಸ್ತೆಗಿಳಿದು ಕೂಗಿದ ಕೂಗಿಗೆ ಅತ್ತೆಯ ಮಾತು ಯಾರಿಗೂ ಕೇಳಿಸಲಿಲ್ಲ. "ನೀನೆಂತ ಹೇಳಿದ್ದು?" ಎಂದು ಎಷ್ಟು ಕೇಳಿದರೂ ಅತ್ತೆ ನಕ್ಕು ದಾರ ಕಚ್ಚುತ್ತಿದ್ದರು. ಹೇಳದೆಯೇ ತೀರಿಕೊಂಡರು. ಆ ಮಾತನ್ನು ಇನ್ನೊಮ್ಮೆ ಹಾಕಿ ಎಂದು ರೇಡಿಯೋದವರನ್ನು ಕೇಳಲು ಮಾವನಿಗೆ ಬಹಳ ಕಾಲ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ರೇಡಿಯೋ ಸೊರಗತೊಡಗಿತು. ಮೊದಲು ಕೊಂಕಣಿ ಹೋಯಿತು, ಆಮೇಲೆ ಮಲಯಾಳ, ಆಮೇಲೆ ಅಕ್ಕನನ್ನೇ ಬಿಡಿಸಿದರು. ಕೊನೆಗೆ ಗುಡ್ಡದ ಗೇಟಿಗೆ ನೋಟಿಸು: "ನಿರ್ವಹಣೆಯ ಹಸ್ತಾಂತರ." ನಾನು ಓದಿದವಳು ಸ್ವಾಮಿ! ಮೂರು ವರ್ಷ ಕೊಪ್ಪದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದವಳು. ಆ ನೋಟಿಸನ್ನು ಮೂರು ಸಲ ಓದಿದೆ. ಮಾರಾಟ ಎಂದು ಬರೆಯದೆ ಮಾರಿಬಿಡುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಕಾರ್ಡು ಬರೆದ ಕೈಗಳನ್ನು ಒಂದು ಮಾತು ಕೇಳಿದಿರಾ? ಸತ್ತವರ ಹೆಸರನ್ನು ಸಂಜೆ ಸಂಜೆ ಓದುತ್ತಿದ್ದ ಜಾಗದಲ್ಲಿ ಈಗ ಟೈಲ್ಸಿನ ಜಾಹೀರಾತು ಕಿರುಚುತ್ತದೆ. ನನಗೆ ಮೈ ಉರಿಯುತ್ತದೆ, ಮುಚ್ಚಿಡುವುದಿಲ್ಲ.

ಅತ್ತೆಯ ಮಾತಿದ್ದ ಸಿ.ಡಿ.ಯನ್ನಾದರೂ ಕೇಳಿ ತರೋಣವೆಂದು ಮಾವನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಕೌಂಟರಿನಲ್ಲಿದ್ದಾತ ಮೊಬೈಲಿನಿಂದ ತಲೆ ಎತ್ತದೆ, "ಹಾಡೆಲ್ಲ ಈಗ ಮೇಲಿಂದ ಬರ್ತದೆ ಅಂಕಲ್" ಎಂದ.

"ಮೊದ್ಲೂ ಮೇಲಿಂದ್ಲೇ ಬರ್ತಿತ್ತು ಮಾರಾಯ," ಎಂದರು ಮಾವ. "ಹಳೇ ಸಿ.ಡಿ. ಎಲ್ಲ ಎಲ್ಲಿ?"

"ಅದಾ? ಕ್ಲೀನ್ ಮಾಡುವಾಗ ಹೊರಗೆ ಹಾಕಿದ್ವಿ. ಊರೋರು ಬಂದು ತಗೊಂಡು ಹೋದ್ರು. ಬಿಸಿಲಿಗೆ ಮಿಂಚ್ತದಲ್ಲ, ಹಿತ್ತಲಲ್ಲಿ ಕಟ್ಟಿ ಮಂಗ ಓಡಿಸ್ಲಿಕ್ಕೆ."

ಓದುಗರೇ, ಇಷ್ಟು ವರ್ಷಗಳ ಪ್ರಾರ್ಥನೆ, ಇಷ್ಟು ಊರುಗಳ ಹೆಸರು, ಮಂಗ ಓಡಿಸಲಿಕ್ಕೆ!

ಮಾವ ಅಂಗಡಿಗೆ ಬೀಗ ಹಾಕಿದರು. ಶೆಟ್ಟಿಕೊಪ್ಪದಿಂದ ಶುರು ಮಾಡಿ ಕಂಡವರ ಹಿತ್ತಲಿಗೆಲ್ಲ ನುಗ್ಗಿ, ಬಳ್ಳಿಗೆ ಕಟ್ಟಿದ ಸಿ.ಡಿ.ಗಳನ್ನು ಕನ್ನಡಕ ಏರಿಸಿ ಓದಿದರು. ಎರಡು ಕಡೆ ನಾಯಿ ಅಟ್ಟಿತು. ಒಂದು ಕಡೆ ಸೊಳ್ಳೆ ಮರಿ ಹುಡುಕಲು ಬಂದ ಆರೋಗ್ಯ ಇಲಾಖೆಯವರೆಂದು ತಿಳಿದು ಡ್ರಮ್ಮಿನ ನೀರು ಚೆಲ್ಲಿ ತೋರಿಸಿದರು. ಒಂಬತ್ತನೆಯ ದಿನ ಸೀತೂರಿನ ಒಂದು ಅವರೆ ಚಪ್ಪರದಲ್ಲಿ, ಅಕ್ಕನ ಅಕ್ಷರ, ಅರ್ಧ ಅಳಿಸಿದ್ದು: "ಟೈಲರ್ ದಂಪತಿ."

"ತಗೊಂಡು ಹೋಗಿ," ಎಂದರು ಆ ಮನೆಯಾಕೆ. "ಇದಕ್ಕೆ ಯಾವ ಮಂಗ ಹೆದರ್ತದೆ? ಬಂದು ಮುಖ ನೋಡ್ಕೊಂಡು ಹೋಗ್ತಾವೆ!"

ಅಂಗಡಿಯ ಹಳೆಯ ಪ್ಲೇಯರಿಗೆ ಹಾಕಿದೆವು. ಕರಕರ, ಮಾವನ ಮಾತು, ಮತ್ತೆ ಮಾವನ ಮಾತು. ಆಮೇಲೆ ಅಕ್ಕನ ದನಿ: "ನಿಮಗೆ ಯಾವ ಹಾಡು ಹಾಕೋಣ ಅಮ್ಮಾ?"

ಅತ್ತೆಯ ನಗು. "ಯಾವ್ದಾದ್ರೂ ಹಾಕಿ ಮಾರಾಯ್ರೆ. ಹಾಡು ನಾನೆಲ್ಲಿ ಕೇಳೋದು? ಅದ್ರ ಜೊತೆ ಇವ್ರು ಕಿರುಚ್ತಾರಲ್ಲ, ನಾ ಕೇಳೋದು ಅದನ್ನ. ಅದು ನಿಂತ್ರೆ ನಂಗೆ ಕೈಯೇ ಓಡೋದಿಲ್ಲ."

ಹಾಡು ಶುರುವಾಯಿತು. ಮಾವ ಬಾಯಿ ತೆರೆದರು, ದನಿ ಬರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅಂಗಡಿಯಲ್ಲಿ ಬರೀ ಹಾಡು ಕೇಳಿಸಿತು. ನನಗೆ ತಡೆಯಲಾಗಲಿಲ್ಲ. ಗೊತ್ತಿಲ್ಲದ ಹಾಡನ್ನು ಬಾಯಿಗೆ ಬಂದಂತೆ ನಾನೇ ಹಾಡತೊಡಗಿದೆ.

ಎರಡನೆಯ ಸಾಲಿಗೆ ಮಾವ ಕಣ್ಣೊರೆಸಿಕೊಂಡು, "ಛೆ, ಅದು ಹಾಗಲ್ಲ ಮಾರಾಯ್ತಿ, ಇಷ್ಟು ಓದಿ ಎಂತ ಬಂತು!" ಎಂದು ಗಂಟಲು ಸರಿ ಮಾಡಿಕೊಂಡರು.