ಕೆಂಪು ಹಿಡಿ, ನೀಲಿ ಹಿಡಿ, ಹನ್ನೆರಡು ಚಮಚ ಗಂಜಿ

“ಇವತ್ತಿನಿಂದ ಈ ಮನೇಲಿ ಒಂದು ತೊಟ್ಟು ನೀರೂ ನನ್ನನ್ನ ಕೇಳದೆ ಏರಬಾರದು, ನನ್ನನ್ನ ಕೇಳದೆ ಇಳೀಬಾರದು!”

ಗಂಜಿಯ ಚಮಚವನ್ನು ರಾಜದಂಡದಂತೆ ಎತ್ತಿ ಹಿಡಿದು ಮನೆಯೊಡತಿ ಈ ಘೋಷಣೆ ಹೊರಡಿಸಿದಾಗ ಸಭೆಯಲ್ಲಿದ್ದವರು ಇಬ್ಬರೇ. ಒಬ್ಬ, ಬೂಟಿನ ಲೇಸು ಕಟ್ಟುತ್ತಿದ್ದ ಗಂಡ. ಇನ್ನೊಬ್ಬ, ಎತ್ತರದ ಕುರ್ಚಿಯಲ್ಲಿ ತುಟಿ ಬಿಗಿದು ಕೂತಿದ್ದ ಒಂಬತ್ತು ತಿಂಗಳ ಮಗ. ಇವನನ್ನು ಮನೆಯಲ್ಲಿ ಕರೆಯುವುದು ದೊರೆ ಎಂದು. ನಡೆಯುವುದೂ ಅವನ ಆಡಳಿತವೇ.

“ಏರೋದನ್ನ, ಇಳಿಯೋದನ್ನ ಸಮ ಮಾಡ್ತೀಯಾ? ನೀನು?” ಗಂಡ ಕೇಳಿದ.

“ಯಾಕ್ರೀ? ಇಡೀ ಊರಿಗೆ ನೀರು ಬಿಡೋ ಎಂಜಿನಿಯರ್ ಸಾಹೇಬ್ರು ಮೂರು ಭಾನುವಾರ ಮಂಡಿಯೂರಿ ಕೂತು ಸಮ ಮಾಡಿದ್ರಲ್ಲ, ಏನಾಯ್ತು? ಕೆಳಗಿನ ಮನೆ ಮೇಡಂ ಸೋಫಾ ನೆನೀತು!”

ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಸಾಹೇಬರು ಲೇಸಿನ ಗಂಟನ್ನು ವಿಶೇಷ ಆಸಕ್ತಿಯಿಂದ ಪರೀಕ್ಷಿಸತೊಡಗಿದರು.

ವಿಷಯ ಇಷ್ಟೇ. ಹಾಲ್‌ನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಕಿತ್ತಳೆ ಬಣ್ಣದ ಮೂರು ಮೀನು. ಅದರ ಕೆಳಗಿನ ಕಪಾಟಿನೊಳಗೆ ಇನ್ನೊಂದು ಸಣ್ಣ ತೊಟ್ಟಿ. ಮನೆಯ ಹೊರಗೊಂದು ಸಂಪು ಇರುವುದು ಸಾಲದೆಂದು ಮೀನುಗಳಿಗೂ ಪ್ರತ್ಯೇಕವಾಗಿ ಒಂದು ಸಂಪು! ಮೇಲಿನ ತೊಟ್ಟಿಯ ನೀರು ಒಂದು ಕೊಳವೆಯಲ್ಲಿ ಸಂಪಿಗೆ ಇಳಿದು, ಸ್ಪಂಜಿನಲ್ಲಿ ಸೋಸಿಕೊಂಡು, ಪಂಪಿನ ಬೆನ್ನೇರಿ ಇನ್ನೊಂದು ಕೊಳವೆಯಲ್ಲಿ ಮತ್ತೆ ಮೇಲಕ್ಕೆ ಹೋಗುತ್ತದೆ. ಇಳಿಯುವ ಕೊಳವೆಗೆ ಕೆಂಪು ಹಿಡಿ, ಏರುವ ಕೊಳವೆಗೆ ನೀಲಿ ಹಿಡಿ. ಇಳಿದಷ್ಟೇ ಏರಬೇಕು, ಏರಿದಷ್ಟೇ ಇಳಿಯಬೇಕು. ಕೇಳಲು ಎಷ್ಟು ಸುಲಭ! ಸಂಸಾರವೂ ಕೇಳಲು ಹೀಗೆಯೇ ಇರುತ್ತದೆ.

ಇಷ್ಟೆಲ್ಲ ರಗಳೆ ಯಾಕೆಂದರೆ, ದೊರೆ ಊಟ ಮಾಡುತ್ತಿದ್ದುದೇ ಆ ತೊಟ್ಟಿಯ ಮುಂದೆ. ಮೀನು ಬಾಯಿ ತೆರೆಯಬೇಕು, ಅದನ್ನು ನೋಡಿ ದೊರೆ ಬಾಯಿ ತೆರೆಯಬೇಕು, ಆ ಅರೆಗಳಿಗೆಯಲ್ಲಿ ಚಮಚ ಒಳನುಗ್ಗಬೇಕು. ಹಾಡಿದರೂ, ಕುಣಿದರೂ, ಅವನಪ್ಪ ನಾಲ್ಕು ಕಾಲಲ್ಲಿ ಓಡಾಡಿದರೂ ತೆರೆಯದ ಬಾಯಿ ಅದು. ಮೀನಿಗೆ ಮಾತ್ರ ಮಣಿದಿತ್ತು.

ಆದರೆ ತೊಟ್ಟಿಯ ಮೇಲೆ ತೂಗುಗತ್ತಿ ನೇತಾಡುತ್ತಿತ್ತು. ಕೆಳಮನೆಯಲ್ಲಿದ್ದ ಮನೆ ಮಾಲೀಕರು ನಿವೃತ್ತ ಹೆಡ್‌ಮಿಸ್ಟ್ರೆಸ್. ಸೋಫಾ ನೆನೆದ ದಿನ ಮೇಲೆ ಬಂದವರು ತೋರುಬೆರಳೆತ್ತಿ ಒಂದೇ ವಾಕ್ಯ ಹೇಳಿ ಹೋಗಿದ್ದರು: “ನನ್ನ ಸೂರಿಂದ ಇನ್ನೊಂದು ಹನಿ ಬಿದ್ರೆ ಈ ತೊಟ್ಟಿ ನನ್ನ ಮನೆ ಖಾಲಿ ಮಾಡ್ಬೇಕು.”

ತೊಟ್ಟಿ ಹೋದರೆ ಮೀನು ಹೋಗುತ್ತದೆ. ಮೀನು ಹೋದರೆ ದೊರೆಯ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದರೆ ಮಗು ಸೊರಗುತ್ತದೆ, ತೂಕ ಇಳಿಯುತ್ತದೆ, ಬುದ್ಧಿ ಬೆಳೆಯುವುದಿಲ್ಲ, ಶಾಲೆಯಲ್ಲಿ ಹಿಂದೆ ಬೀಳುತ್ತಾನೆ, ಮದುವೆಯೂ ಆಗುವುದಿಲ್ಲ! ಅವಳು ಹಲ್ಲುಜ್ಜಿ ಮುಗಿಸುವುದರೊಳಗೆ ತಾಯಿಯ ಮನಸ್ಸು ಇಷ್ಟು ದೂರ ಓಡಿ ವಾಪಸಾಗುತ್ತಿತ್ತು.

ತನ್ನ ಸಾಮರ್ಥ್ಯದ ಬಗ್ಗೆ ಮಾತ್ರ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಗನ ವ್ಯವಹಾರವನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಎಡಗಡೆ ‘ಒಳಗೆ’: ಹಾಲು ಇಷ್ಟು, ಗಂಜಿ ಇಷ್ಟು ಚಮಚ. ಬಲಗಡೆ ‘ಹೊರಗೆ’: ಡೈಪರು ಎಷ್ಟು, ಪ್ರತಿಯೊಂದರ ತೂಕ ಎಷ್ಟು. ಹೌದು, ತೂಕ! ಅದಕ್ಕೆಂದೇ ಅಡುಗೆಮನೆಯಲ್ಲಿ ಬೇರೆಯೇ ತಕ್ಕಡಿ ಇತ್ತು. ಅವಳತ್ತೆ ಒಮ್ಮೆ ಆ ಪುಸ್ತಕ ತಿರುವಿ ಹಾಕಿ, “ನಾನೂ ನಾಲ್ಕು ಮಕ್ಕಳನ್ನ ಸಾಕಿದೀನಮ್ಮ, ಒಂದನ್ನೂ ಹೀಗೆ ಹಿಂದಿಂದ ತೂಗಿರಲಿಲ್ಲ” ಎಂದಿದ್ದರು. ಆಡುವವರು ಆಡಿಕೊಳ್ಳಲಿ! ಮಗುವಿನ ಒಳಗೆ-ಹೊರಗೆ ಸರಿದೂಗಿಸುವವಳಿಗೆ ಮೀನಿನ ತೊಟ್ಟಿ ಯಾವ ಲೆಕ್ಕ?

ಮೀನಿನಂಗಡಿಯವನು ತೊಟ್ಟಿ ಕೂರಿಸಿದ ದಿನ ಮೂರೇ ಮಾತು ಹೇಳಿದ್ದ: “ಮೇಡಂ, ಕೆಂಪನ್ನ ಪೂರ್ತಿ ತೆಗೆದೇ ಇಡಿ, ಮುಟ್ಟಬೇಡಿ. ಹೆಚ್ಚು ಕಮ್ಮಿ ಏನಿದ್ರೂ ನೀಲೀಲಿ ಮಾಡ್ಕೊಳ್ಳಿ. ಸಂಪಲ್ಲಿ ಯಾವಾಗ್ಲೂ ಸ್ವಲ್ಪ ಜಾಗ ಖಾಲಿ ಬಿಡಿ, ಪಂಪ್ ನಿಂತಾಗ ಮೇಲಿಂದ ನೀರು ವಾಪಸ್ ಬರುತ್ತೆ.”

ಅವಳು ಆಗ ಮಗುವಿನ ಬಿಕ್ಕಳಿಕೆ ಎಣಿಸುತ್ತಿದ್ದಳು.

ಕೆಂಪು ಪೂರ್ತಿ ತೆರೆದಿದ್ದರೆ ಒಂದೇ ಒಂದು ತೊಂದರೆಯಿತ್ತು. ನೀರಿನ ಜೊತೆ ಗಾಳಿಯೂ ಇಳಿದು, ಯಾರೋ ಹಗಲೆಲ್ಲ ಕಪಾಟಿನೊಳಗೆ ಕೂತು ಬಾಯಿ ಮುಕ್ಕಳಿಸುತ್ತಿರುವಂತೆ ಗಳಗಳ ಸದ್ದು. ಆ ಸದ್ದಿಗೆ ದೊರೆಯ ನಿದ್ದೆ ಕೆಡುತ್ತಿತ್ತು. ಹೊಸ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಕ್ಕೆ ಹದಿನೇಳು ತಾಯಂದಿರು ಉತ್ತರಿಸಿದ್ದರು: ಇಂಥ ಸದ್ದಿನಿಂದ ಮಗುವಿನ ಕಿವಿ, ಮಿದುಳು, ಜೀರ್ಣಶಕ್ತಿ ಎಲ್ಲಕ್ಕೂ ಅಪಾಯ! ಹದಿನೇಳರಲ್ಲಿ ಒಬ್ಬಳ ಮನೆಯಲ್ಲೂ ಮೀನಿರಲಿಲ್ಲ, ಆದರೆ ಅಭಿಪ್ರಾಯ ಎಲ್ಲರ ಮನೆಯಲ್ಲೂ ಇತ್ತು.

ಗಂಡ ಹೊರಟ. ಯಾವುದೋ ದೊಡ್ಡ ಬೀದಿಯಲ್ಲಿ ಪೈಪು ಒಡೆದು ನೀರು ಅಂಗಡಿಗಳಿಗೆ ನುಗ್ಗಿತ್ತಂತೆ. ದೊರೆ ಬೆಳಗಿನ ನಿದ್ದೆಗೆ ಜಾರಿದ. ಮನೆಯೊಡತಿ ಸೆರಗು ಬಿಗಿದು ಕಪಾಟು ತೆರೆದಳು, ನೋಟ್‌ಬುಕ್ಕಿನಲ್ಲಿ ಹೊಸ ಪುಟಕ್ಕೆ ಗೆರೆ ಎಳೆದಳು, ಕೆಂಪು ಹಿಡಿಯನ್ನು ಕಾಲು ಸುತ್ತು ಮುಚ್ಚಿದಳು. ಗಳಗಳ ಕಮ್ಮಿಯಾಯಿತು. ಇನ್ನೊಂದಿಷ್ಟು ಮುಚ್ಚಿದಳು. ನಿಂತೇಹೋಯಿತು!

ಆಹಾ, ಆ ನಿಶ್ಶಬ್ದ! ಮೂರು ಭಾನುವಾರದ ಎಂಜಿನಿಯರಿಂಗ್ ಒಂದು ಕಡೆ, ಅವಳ ಮಣಿಕಟ್ಟಿನ ಒಂದು ತಿರುವು ಒಂದು ಕಡೆ. ಕೂಡಲೇ ಗಂಡನಿಗೆ ಸಂದೇಶ ಕಳಿಸಿದಳು: ‘ಮುಗೀತು. ಎರಡೇ ನಿಮಿಷ.’

ಹತ್ತು ನಿಮಿಷದ ಮೇಲೆ ನೋಡಿದರೆ ಸಂಪಿನಲ್ಲಿ ನೀರು ಎರಡು ಬೆರಳು ಇಳಿದಿತ್ತು.

“ಅಯ್ಯೋ, ಇದಕ್ಕೆ ಸಾಲ್ತಾ ಇಲ್ಲ!” ತಾಯಿಯ ಕರುಳು ಚುರುಕ್ ಎಂದಿತು. ಕಮ್ಮಿಯಾದರೆ ಕೊಡಬೇಕು. ಒಂದು ಮಗ್ ನೀರು ಹಾಕಿದಳು. ‘ಒಳಗೆ: 1’ ಎಂದು ಬರೆದಳು. ಕಾಲು ಗಂಟೆಯಲ್ಲಿ ಮತ್ತೆ ಇಳಿಯಿತು. ಎರಡು ಮಗ್. ಮತ್ತೆ ಇಳಿಯಿತು. ಈ ಸಂಪಿಗೆಂಥ ಹಸಿವು! ತನ್ನ ಮಗನೂ ಹೀಗೇ ಕೇಳಿ ಕೇಳಿ ಕುಡಿಯಬಾರದೇ ಎಂದು ಒಂದು ನಿಟ್ಟುಸಿರು ಬಿಟ್ಟು ಮೂರು ಮಗ್ ಹಾಕಿದಳು. ಹನ್ನೊಂದೂವರೆಯ ಹೊತ್ತಿಗೆ ‘ಒಳಗೆ’ ಕಾಲಮ್ಮಿನಲ್ಲಿ ಇಪ್ಪತ್ತಾರು ಮಗ್ ಸೇರಿತ್ತು. ‘ಹೊರಗೆ’ ಕಾಲಮ್ಮಿನಲ್ಲಿ ಸೊನ್ನೆ.

ಇಪ್ಪತ್ತಾರು ಮಗ್ ನೀರು ಎಲ್ಲಿ ಹೋಯಿತು? ನೆಲ ಒಣಗಿತ್ತು. ಕಪಾಟು ಒಣಗಿತ್ತು. ಮೀನು ಕುಡಿದವೇ? ಅವಳು ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳಲು ಎದ್ದು ನಿಂತಳು. ಬೆಳಗಿನಿಂದ ಮೊದಲ ಸಲ ಮೇಲಿನ ತೊಟ್ಟಿಯನ್ನು ನೋಡಿದಳು.

ನೀರು ಗಾಜಿನ ಅಂಚಿಗೆ ಬಂದು, ಹೊಸ್ತಿಲ ಮೇಲೆ ನಿಂತ ನೆಂಟರಂತೆ, ಬರಲೋ ಬೇಡವೋ ಎಂದು ನೋಡುತ್ತಿತ್ತು!

ಗಂಡನಿಗೆ ಫೋನು ಹಚ್ಚಿದಳು. ಆ ಕಡೆ ನೀರಿನ ಭೋರ್ಗರೆತ, ಜನರ ಕೂಗಾಟ.

“ರೀ! ನೀರು ಕುತ್ತಿಗೆ ತನಕ ಬಂದಿದೆ!”

“ನನಗೆ ಮಂಡಿ ತನಕ ಬಂದಿದೆ ಕಣೇ! ಏನ್ ಮಾಡ್ದೆ?”

“ಏನೂ ಮಾಡ್ಲಿಲ್ಲ! ಬರೀ ಕೆಂಪು ತಿರುಗಿಸ್ದೆ!”

“ಮೊದ್ಲು ಪಂಪ್ ಆಫ್ ಮಾಡು!”

ಆಫ್ ಮಾಡಿದಳು. ಮೇಲಿದ್ದ ನೀರು ‘ಓಹೋ, ರಜಾ ಸಿಕ್ಕಿತು’ ಎನ್ನುವಂತೆ ಕೆಳಗಿಳಿಯತೊಡಗಿತು. ಇಪ್ಪತ್ತಾರು ಮಗ್ಗೂ ಎಲ್ಲಿಗೂ ಹೋಗಿರಲಿಲ್ಲ, ಮಾಳಿಗೆ ಹತ್ತಿ ಕೂತಿದ್ದವು ಅಷ್ಟೇ. ಈಗ ಮನೆಗೆ ಮರಳುತ್ತಿದ್ದವು, ಮನೆಯಲ್ಲಿ ಜಾಗವಿರಲಿಲ್ಲ! ಸಂಪು ತುಂಬುತ್ತಿರುವುದನ್ನು ಕಂಡು ಕೆಂಪು ಹಿಡಿಯನ್ನು ಪೂರ್ತಿ ಮುಚ್ಚಿದಳು. ಇಳಿಯುವ ದಾರಿ ಬಂದ್! ಆದರೂ ಸಂಪು ತುಂಬುತ್ತಲೇ ಇತ್ತು. ಪಂಪು ನಿಂತ ಮೇಲೆ ಏರಿದ ಕೊಳವೆಯಲ್ಲೇ ನೀರು ಹಿಂದಕ್ಕೆ ಜಾರುತ್ತದೆಂದು ಯಾರಾದರೂ ಮೊದಲೇ ಹೇಳಬಾರದೇ? ಹೇಳಿದ್ದರು. ಬಿಕ್ಕಳಿಕೆಯ ಹೊತ್ತಿನಲ್ಲಿ.

ಸಂಪು ಉಕ್ಕಿತು. ಕಪಾಟಿನಿಂದ ನೀರು ಹೊರಬಂದು ಅವಳ ಪಾದ ತೊಳೆಯಿತು. “ಕೆಳಗೆ ಉಕ್ತಾ ಇದೆ ರೀ!”

“ಹಾಗಾದ್ರೆ ಆನ್ ಮಾಡು!”

ಆನ್ ಮಾಡಿದಳು. ಪಂಪು ಸಂಪಿನ ನೀರನ್ನೆಲ್ಲ ಉತ್ಸಾಹದಿಂದ ಮೇಲಕ್ಕೆ ಕಳಿಸಿತು. ಇಳಿಯಲು ಕೆಂಪು ಬಾಗಿಲು ಮುಚ್ಚಿದೆಯಲ್ಲ! ತೊಟ್ಟಿಯ ಮುಂದಿನ ಗಾಜಿನ ಉದ್ದಕ್ಕೂ ನೀರಿನ ಪರದೆ ಇಳಿಯಿತು. “ಮೇಲಿಂದ ಸುರೀತಾ ಇದೆ!” “ಆಫ್ ಮಾಡು!” “ಕೆಳಗಿಂದ ಬರ್ತಾ ಇದೆ!” “ಆನ್... ಅಲ್ಲ, ಇರು! ಕೆಂಪು ಎಷ್ಟಿದೆ?” “ಮುಚ್ಚಿದೆ!” “ಯಾಕ್ ಮುಚ್ಚಿದೆ?” “ನೀರು ಬರ್ತಿತ್ತಲ್ಲ, ಅದಕ್ಕೆ!” “ಈಗ?” “ಈಗಲೂ ಬರ್ತಿದೆ!”

“ಸಾರ್, ಇನ್ನೊಂದು ಕಡೇನೂ ಒಡೀತು!” ಎಂದು ಆ ಕಡೆ ಯಾರೋ ಕಿರುಚಿದರು. ಫೋನು ಕಟ್ಟಾಯಿತು. ಇಡೀ ಊರಿಗೆ ನೀರು ಬಿಡುವ ಮನುಷ್ಯ ತನ್ನ ಮನೆಯನ್ನೂ ಪಟ್ಟಿಗೆ ಸೇರಿಸಿಕೊಂಡಿದ್ದ.

ಕೊನೆಗೆ ಮೀನಿನಂಗಡಿಯವನೇ ಗತಿ. ಅವನು ಪೂರ್ತಿ ಕೇಳಿಸಿಕೊಂಡು, ಹುಚ್ಚರ ಜೊತೆ ಮಾತಾಡುವ ಶಾಂತಿಯಿಂದ ಹೇಳಿದ: “ಮೇಡಂ, ಪಂಪ್ ಆಫ್ ಮಾಡಿ. ನೀಲೀನೂ ಮುಚ್ಚಿ. ಮಗ್ ತಗೊಂಡು ಸಂಪಿಂದ ನೀರು ಬಕೆಟ್‌ಗೆ ತುಂಬಿ. ಹಾಕೋಕೆ ಮಗ್ ಸಿಕ್ಕಿತ್ತಲ್ಲ, ತೆಗೆಯೋಕೂ ಅದೇ ಆಗುತ್ತೆ.”

ನೀರು ನಿಂತಿತು. ಹಾಲ್ ಮಾತ್ರ ಕೆರೆಯಾಗಿತ್ತು. ಮನೆಯ ಟವೆಲ್ಲುಗಳೆಲ್ಲ ಐದು ನಿಮಿಷಕ್ಕೆ ಸೋತುಹೋದವು. ಆಗ ಅವಳಿಗೆ ಹೊಳೆಯಿತು, ಡೈಪರ್! ಹೊಸ ಪ್ಯಾಕೆಟ್ಟು ಹರಿದು ನೆಲದ ತುಂಬ ಹರವಿದಳು. ಅವು ಜಾಹೀರಾತಿನಲ್ಲಿ ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡು ದಿಂಬಿನ ಗಾತ್ರಕ್ಕೆ ಊದಿದವು. ಆ ಗಲಿಬಿಲಿಯಲ್ಲೂ ಅಭ್ಯಾಸಬಲದಿಂದ ಒಂದನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡಳು!

ಗದ್ದಲಕ್ಕೆ ದೊರೆ ಎದ್ದ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಗಂಜಿ ಹಿಡಿದಳು. ಮೀನುಗಳು ಬೆದರಿ ಕಲ್ಲಿನ ಹಿಂದೆ ಅಡಗಿದ್ದವು. ಮೀನಿಲ್ಲ, ಬಾಯಿಲ್ಲ. ಹನ್ನೆರಡು ಚಮಚ ಗಂಜಿ ಬಟ್ಟಲಲ್ಲಿ ಹಾಗೇ ಕೂತಿತು.

ಬಾಗಿಲು ಬಡಿದ ಸದ್ದು. ತೆರೆದರೆ ಹೆಡ್‌ಮಿಸ್ಟ್ರೆಸ್, ಕೈಯಲ್ಲಿ ಬಿಚ್ಚಿದ ಕೊಡೆ.

“ಹೊರಗಡೆ ಬಿಸಿಲಿದೆ” ಎಂದರು ಅವರು. “ಇದು ನಮ್ಮನೆ ಒಳಗಡೆಗೆ.”

“ಮೇಡಂ, ಅದೂ...”

“ಐದು ಕಡೆ ತೊಟ್ಟಿಕ್ತಾ ಇದೆ. ನಾಳೆ ಬೆಳಗ್ಗೆ ತೊಟ್ಟಿ ಆಚೆ ಹೋಗ್ಬೇಕು.”

“ಮೇಡಂ, ದಯವಿಟ್ಟು! ಮೀನಿಲ್ದೆ ಇವನು ಒಂದು ಚಮಚಾನೂ ಮುಟ್ಟಲ್ಲ! ಪುಸ್ತಕದಲ್ಲಿ ಬರೆದಿಟ್ಟಿದೀನಿ, ಬೇಕಿದ್ರೆ ನೋಡಿ!” ಅವಳ ಕಣ್ಣಲ್ಲಿ ನೀರು ತುಂಬಿತು. ಆ ಮನೆಯಲ್ಲಿ ಅದಕ್ಕೊಂದಕ್ಕೆ ಜಾಗ ಉಳಿದಿತ್ತು.

ಹೆಡ್‌ಮಿಸ್ಟ್ರೆಸ್ ಪುಸ್ತಕ ನೋಡಿದರು. ಊದಿದ ಡೈಪರುಗಳನ್ನು ನೋಡಿದರು. ತಕ್ಕಡಿಯನ್ನು ನೋಡಿದರು. ಕೊಡೆ ಮಡಚಿದರು. “ಮೂವತ್ತೆರಡು ವರ್ಷ ಎಂಥೆಂಥಾ ಬಾಯಿ ತೆರೆಸಿದೀನಿ, ಎಂಥೆಂಥಾ ಬಾಯಿ ಮುಚ್ಚಿಸಿದೀನಿ. ಕೊಡಿಲ್ಲಿ ಮಗೂನ. ಬಟ್ಟಲೂ ಕೊಡು. ನೀನು ನೆಲ ಒರೆಸು” ಎಂದು ದೊರೆಯನ್ನು ಸೊಂಟಕ್ಕೇರಿಸಿ ಇಳಿದುಹೋದರು.

ಅರ್ಧ ಗಂಟೆಯ ಮೇಲೆ ಗಂಡ ಬಂದ, ಸೊಂಟದ ತನಕ ಕೆಸರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. “ಊರಿನದು ನಿಂತಿತು” ಎಂದ ಅವನು ಮೆಲ್ಲಗೆ. “ಎರಡೇ ನಿಮಿಷದಲ್ಲಿ ಮುಗೀತು ಅಂದಿದ್ದೆ?”

“ಸುಮ್ನೆ ಬಟ್ಟೆ ಹಿಡೀರಿ” ಎಂದಳು ಅವಳು.

ಗಂಡ ಹೆಂಡತಿ ಅಕ್ಕಪಕ್ಕ ಮಂಡಿಯೂರಿ ಒರೆಸಿದರು, ಹಿಂಡಿದರು, ಒರೆಸಿದರು. ನೆಲ ಇನ್ನೇನು ಕಾಣತೊಡಗಿದಾಗ ಮೆಟ್ಟಿಲ ಕೆಳಗಿಂದ ಶಾಲೆಯ ಮೈದಾನಕ್ಕೆ ಕೇಳಿಸುವಂಥ ಧ್ವನಿ ಬಂತು: “ಏನಮ್ಮಾ! ಮೇಲೆ ಒರೆಸ್ತಾ ಇದ್ದೀರೇನು?”

“ಹೂಂ ಮೇಡಂ! ಮುಗೀತಾ ಬಂತು!”

“ನಿಲ್ಲಿಸಿ ಮೊದಲು!”

ಒರೆಸುವ ಬಟ್ಟೆ ಹಿಡಿದೇ ಅವಳು ಕೆಳಗೋಡಿದಳು. ಹಾಲ್‌ನ ನಡುವೆ ಸ್ಟೀಲ್ ಬಕೆಟ್. ಅದರ ಮುಂದೆ ಹೆಡ್‌ಮಿಸ್ಟ್ರೆಸ್ ಮಡಿಲಲ್ಲಿ ದೊರೆ, ಕಣ್ಣು ಸೂರಿನಲ್ಲಿ ನೆಟ್ಟಿದೆ. ಸೂರಿನಿಂದ ಒಂದು ಹನಿ ದುಂಡಗಾಯಿತು, ತೂಗಾಡಿತು, ಬಕೆಟ್ಟಿಗೆ ಟಣ್ ಎಂದು ಬಿತ್ತು. ದೊರೆ ಬೆರಗಿನಿಂದ “ಆ!” ಎಂದು ಬಾಯಿ ತೆರೆದ. ಚಮಚ ಒಳಗೆ ಹೋಯಿತು! ಮೀನು ಇಲ್ಲ, ಪಂಪು ಇಲ್ಲ, ಕೆಂಪು ನೀಲಿ ಯಾವುದೂ ಇಲ್ಲ!

“ಎಂಟು ಆಯ್ತು, ನಾಲ್ಕು ಬಾಕಿ” ಎಂದರು ಹೆಡ್‌ಮಿಸ್ಟ್ರೆಸ್. “ನೀವು ಒರೆಸಿ ಒರೆಸಿ ಹನಿ ನಿಲ್ತಾ ಬಂತು. ನಿಂತು ಏನ್ ನೋಡ್ತಾ ಇದ್ದೀಯಾ? ಹೋಗಿ ಮೇಲೆ ಒಂದು ಮಗ್ ನೀರು ಚೆಲ್ಲು!”

“ಮೇಡಂ, ತೊಟ್ಟಿ...?”

“ತೊಟ್ಟಿ ಮಾತು ಆಮೇಲೆ. ಮಗೂ ಊಟ ಮೊದಲು!”

ಅವಳು ಮೇಲೆ ಓಡಿ ಬಂದು, ಗಂಡ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ಒರೆಸಿದ ನೆಲದ ಮೇಲೆ ಒಂದು ಮಗ್ ನೀರು ಸುರಿದಳು. ಸಾಲದೇನೋ ಎಂಬ ಭಯಕ್ಕೆ ಇನ್ನೊಂದನ್ನೂ ಸುರಿದಳು. ಆಮೇಲೆ ಬಕೆಟ್ಟಿನಲ್ಲಿ ಟಣಟಣಟಣ, ಅದರ ಹಿಂದೆಯೇ ಕೊಡೆ ಬಿಚ್ಚಿಕೊಂಡ ಸದ್ದು, ಕೊನೆಗೆ ಆ ಧ್ವನಿ:

“ನಿಧಾನ! ಮಗೂಗೆ ನುಂಗೋಕೆ ಪುರುಸೊತ್ತು ಕೊಡಮ್ಮಾ! ಇಷ್ಟೆಲ್ಲಾ ಓದಿದ್ದೀಯ, ಒಂದು ಹದವಾಗಿ ನೀರು ಬಿಡೋಕೆ ಬರಲ್ವೇನು?”