ಮಗಳ ಎಂಬಿಎ ಸೀಟೂ ನನ್ನ ಕಾಲೇಜು ತಪಾಸಣೆಯೂ

ನನ್ನ ಮಗಳು ಸಿಂಚನಾಳಿಗೆ ಎಂಬಿಎ ಓದಲು ಎರಡು ಕಡೆ ಸೀಟು ಸಿಕ್ಕಿತು. ಒಂದು ಬೆಂಗಳೂರಿನ ದೊಡ್ಡ ಕಾಲೇಜು, ಇನ್ನೊಂದು ನಮ್ಮ ಮಡಿಕೇರಿಯ ಚಿಕ್ಕ ಕಾಲೇಜು. ಎಲ್ಲಿ ಸೇರುವುದೆಂದು ಅವಳು ತಲೆ ಕೆಡಿಸಿಕೊಂಡಿದ್ದಾಗ, ಈ ಗಹನವಾದ ಪ್ರಶ್ನೆಯನ್ನು ಇತ್ಯರ್ಥಪಡಿಸಲು ನನಗಿಂತ ಅರ್ಹರು ಊರಲ್ಲೇ ಇಲ್ಲವೆಂದು ನನಗೆ ಹೊಳೆಯಿತು. ಸೋಮವಾರಪೇಟೆಯಲ್ಲಿ ಪೈಪು, ಸ್ಪ್ರೇಯರು, ಗಮ್ ಬೂಟುಗಳ ಅಂಗಡಿ ಇಟ್ಟುಕೊಂಡವನು ನಾನು. ವ್ಯಾಪಾರ ಕಲಿಸುವ ಕಾಲೇಜನ್ನು ಅಳೆಯಲು ನನಗೆ ಬಾರದೆ?

"ಎರಡೂ ಕಾಲೇಜನ್ನ ನಾನೇ ಖುದ್ದಾಗಿ ತಪಾಸಣೆ ಮಾಡ್ತೀನಿ!" ಎಂದು ಘೋಷಿಸಿದೆ.

"ಓದೋಳು ಅವಳು. ನಿಮ್ದೇನ್ರೀ ತಪಾಸಣೆ?" ಎಂದಳು ನನ್ನ ಹೆಂಡತಿ ಗಿರಿಜಾ.

"ನಿನಗೆ ಅದೆಲ್ಲ ಗೊತ್ತಾಗಲ್ಲ ಕಣೇ," ಎಂದು ಬೀರುವಿನಿಂದ ಮದುವೆಯ ಕೋಟು ತೆಗೆದೆ. ಗುಂಡಿ ಹಾಕಲು ಹೊಟ್ಟೆ ಒಪ್ಪಲಿಲ್ಲ. ಗುಂಡಿ ಹಾಕದಿರುವುದೇ ಈಗಿನ ಫ್ಯಾಷನ್ ಎಂದು ತೀರ್ಮಾನಿಸಿದೆ.

ಹೊಸ ವಿದ್ಯಾರ್ಥಿಗಳಿಗೂ ಪೋಷಕರಿಗೂ ಕಾಲೇಜು ತೋರಿಸುವ ದಿನ ಅಪ್ಪ–ಮಗಳು ಬೆಂಗಳೂರು ತಲುಪಿದೆವು. ಕಟ್ಟಡವೆಲ್ಲ ಗಾಜು! ಸಿಂಚನಾಳನ್ನು ಉಳಿದ ಮಕ್ಕಳ ಜೊತೆ ಲೈಬ್ರರಿ ನೋಡಲು ಕರೆದುಕೊಂಡು ಹೋದರು. ಹೋಗುವಾಗ ಅವಳು, "ಅಪ್ಪಾ, ಇಲ್ಲೇ ಕೂತಿರು. ಯಾರ ಹತ್ರಾನೂ ಮಾತಾಡ್ಬೇಡ," ಎಂದಳು.

ನಾನು ಕೂತೇ ಇದ್ದೆ. ನೆರೆದಿದ್ದ ಅಷ್ಟೂ ಜನರಲ್ಲಿ ಕೋಟು ಹಾಕಿದ್ದವನು ನಾನೊಬ್ಬನೇ. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಓಡಿಬಂದಳು.

"ಸರ್, ಕೂರ್ಗಿಂದ ಬಂದಿರೋದು ನೀವೇನಾ?"

"ಹೌದಮ್ಮ."

"ಬಿಸಿನೆಸ್ ಅಲ್ವಾ ಸರ್?"

"ಸ್ವಂತ ಬಿಸಿನೆಸ್ಸು!"

"ಅಯ್ಯೋ, ನಿಮಗೇ ಕಾಯ್ತಾ ಇದ್ವಿ ಸರ್!" ಎಂದವಳೇ ನನ್ನನ್ನು ಒಂದು ದೊಡ್ಡ ಸಭಾಂಗಣಕ್ಕೆ ಕರೆದೊಯ್ದು ನೇರ ವೇದಿಕೆ ಹತ್ತಿಸಿದಳು. ಕೈಗೆ ಹೂಗುಚ್ಛ ಬಂತು. ಹೆಗಲಿಗೆ ಶಾಲು ಬಂತು. ಎಂಥಾ ಕಾಲೇಜು! ಒಬ್ಬೊಬ್ಬ ಪೋಷಕನಿಗೂ ಇಷ್ಟು ಮರ್ಯಾದೆ! ಇಲ್ಲೇ ಸೇರಿಸಿಬಿಡೋಣ ಎಂದು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟೆ.

"ನಿಮ್ಮ ವ್ಯವಹಾರದ ಸೋಲಿನ ಬಗ್ಗೆ ನಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳಿ ಸರ್," ಎಂದು ವೇದಿಕೆಯಲ್ಲಿದ್ದ ಪ್ರೊಫೆಸರರು ಮೈಕು ಕೊಟ್ಟರು.

ಸೋಲಿನ ವಿಷಯದಲ್ಲಿ ನನಗೆ ಸಿದ್ಧತೆ ಬೇಕೇ ಇಲ್ಲ. ಒಮ್ಮೆ ಎಸ್ಟೇಟ್ ಕೆಲಸದವರಿಗೆ ಮಾರಲೆಂದು ಅರ್ಧ ಬೆಲೆಗೆ ಸಿಕ್ಕಿದ ಗಮ್ ಬೂಟುಗಳನ್ನು ಒಂದು ಲೋಡು ತರಿಸಿದ ಕಥೆ ಹೇಳಿದೆ. ಮೂಟೆ ಬಿಚ್ಚಿದರೆ ಎಲ್ಲವೂ ಎಡಗಾಲಿನವು! ಅರ್ಧ ಬೆಲೆ ಯಾಕೆಂದು ಆಗ ಅರ್ಥವಾಯಿತು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನವರು ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದರು. ನನಗೂ ಹುರುಪು ಏರಿತು.

ಆಗ ಬಾಗಿಲು ತೆರೆದು, ಟೀ ಶರ್ಟು, ಹವಾಯಿ ಚಪ್ಪಲಿಯ ಒಬ್ಬ ಯುವಕ ಏದುಸಿರು ಬಿಡುತ್ತಾ ಒಳಬಂದು ಸೀದಾ ವೇದಿಕೆಯತ್ತ ನಡೆದ.

"ತಮ್ಮಾ, ಲೇಟಾಗಿ ಬಂದೋರು ಹಿಂದ್ಗಡೆ ಕೂರ್ಬೇಕು," ಎಂದೆ, ಮೈಕಿನಲ್ಲೇ.

ಪ್ರೊಫೆಸರರ ಮುಖ ಬಿಳುಚಿತು. ಅವನೇ ಆ ದಿನದ ಮುಖ್ಯ ಅತಿಥಿಯಂತೆ! ಕೊಡಗಿನಲ್ಲಿ ಕಾಫಿ ಕಂಪನಿ ಕಟ್ಟಿದ ಉದ್ಯಮಿಯಂತೆ! ಶಾಲು ಬಿಚ್ಚಿ ಅವನಿಗೆ ಹೊದಿಸಿದೆ. ಹೂಗುಚ್ಛ ಕೊಟ್ಟೆ. ಬೇರೆ ಏನು ಮಾಡಬೇಕೆಂದು ತೋಚದೆ ಕೈಯನ್ನೂ ಮುಗಿದೆ. ಅಷ್ಟು ಹೊತ್ತಿಗೆ ಲೈಬ್ರರಿ ನೋಡಿಕೊಂಡು ಬಂದಿದ್ದ ಸಿಂಚನಾ ಕೊನೆಯ ಸಾಲಿನಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಕೂತಿದ್ದಳು.

ಬಸ್ಸಿನಲ್ಲಿ ಕುಶಾಲನಗರ ಬರುವವರೆಗೂ ಅವಳು ಮುಖದ ಮೇಲಿನ ದುಪಟ್ಟಾ ತೆಗೆಯಲಿಲ್ಲ. ಆಮೇಲೆ ಹೇಳಿದಳು: "ಮಡಿಕೇರಿ ಕಾಲೇಜಿಗೆ ನಾನೊಬ್ಳೇ ಹೋಗ್ತೀನಿ."

"ಛೆ, ತಪಾಸಣೆ ಅರ್ಧಕ್ಕೆ ನಿಲ್ಲಿಸೋಕಾಗುತ್ತಾ?" ಎಂದೆ.

ಮುಂದಿನ ವಾರ ಕೋಟು ಬಿಟ್ಟು, ಬಾಯಿಗೆ ಬೀಗ ಹಾಕಿಕೊಂಡು ಅವಳ ಜೊತೆಗೇ ಹೋದೆ. ಆದರೆ ಮಡಿಕೇರಿಯಲ್ಲಿ ಬೀಗ ಹಾಕಿದ್ದು ವ್ಯರ್ಥ. ಗೇಟಿನಲ್ಲೇ ವಾಚ್‌ಮನ್, "ಏನಣ್ಣಾ, ನೀವು ಕೊಟ್ಟ ಸ್ಪ್ರೇಯರು ನೀರು ಬಿಡೋದ್ ಬಿಟ್ಟು ಬರೀ ಸದ್ದು ಮಾಡ್ತದೆ," ಎಂದ. ಪ್ರಿನ್ಸಿಪಾಲರು ನನ್ನ ಷಡ್ಡಕನ ಸಹಪಾಠಿ. ಅವರ ಕೋಣೆಯಲ್ಲಿ ಏಲಕ್ಕಿ ಹಾಕಿದ ಟೀ ಬಂತು.

ಅವರೇ ನಮ್ಮಿಬ್ಬರನ್ನೂ ತರಗತಿಗೆ ಕರೆದುಕೊಂಡು ಹೋದರು. ಬೆರಳೆಣಿಕೆಯಷ್ಟು ಮಕ್ಕಳು. ಮೇಡಂ ಪ್ರತಿಯೊಬ್ಬರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದರು. ಹೊಸಬಳಾದ ಸಿಂಚನಾಳನ್ನೂ ಪ್ರಶ್ನೆ ಕೇಳಿದರು. ಅವಳು ತಡವರಿಸಿದಾಗ, "ನಿಧಾನ ಯೋಚ್ನೆ ಮಾಡಿ ಹೇಳಮ್ಮ," ಎಂದು ಕಾದರು. ಅವಳು ಉತ್ತರ ಹೇಳಿದಳು! ನಾನು ಬಾಯಿಗೆ ಹಾಕಿದ್ದ ಬೀಗ ಮರೆತು ಒಬ್ಬನೇ ಚಪ್ಪಾಳೆ ತಟ್ಟಿದೆ.

ಎಲ್ಲರೂ ತಿರುಗಿ ನೋಡಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣರಳಿಸಿ ಕೂಗಿದಳು: "ಮೇಡಂ, ಎಡಗಾಲು ಅಂಕಲ್!"

ಬೆಂಗಳೂರಿನ ವಿಡಿಯೋ ನಮಗಿಂತ ಮೊದಲೇ ಮಡಿಕೇರಿ ತಲುಪಿತ್ತು. ಮೇಡಂ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಪ್ರಿನ್ಸಿಪಾಲರು ಕಿಟಕಿಯ ಕಡೆ ತಿರುಗಿದರು, ಭುಜ ಮಾತ್ರ ಕುಲುಕುತ್ತಿತ್ತು. ನಾನು ಮಗಳತ್ತ ನೋಡಲು ಹೆದರಿದೆ. ನೋಡಿದರೆ, ಅವಳೂ ನಗುತ್ತಿದ್ದಳು!

ಆ ಸಂಜೆ ಅವಳು ಮಡಿಕೇರಿಯನ್ನೇ ಆರಿಸಿಕೊಂಡಳು. ನನ್ನ ತಪಾಸಣೆ ಸಾರ್ಥಕವಾಯಿತು! ನಾನು ಗಂಟಲು ಸರಿಮಾಡಿಕೊಂಡು ಗಿರಿಜಾಳಿಗೆ ವಿವರಿಸತೊಡಗಿದೆ: "ನೋಡು, ಚಿಕ್ಕ ಊರಿನ ಕಾಲೇಜಲ್ಲಿ ವೈಯಕ್ತಿಕ ಗಮನ ಜಾಸ್ತಿ. ಇವಳು ಅದನ್ನ ಗುರುತಿಸಿದ್ದಾಳೆ. ಎಷ್ಟಾದ್ರೂ ನನ್ನ ಮಗಳು..."

"ಅದೂ ಹೌದಪ್ಪ," ಎಂದಳು ಸಿಂಚನಾ, ರೊಟ್ಟಿ ಮುರಿಯುತ್ತಾ. "ಆದ್ರೆ ಬೆಂಗಳೂರಲ್ಲಾದ್ರೆ ನೀನು ಬಂದಾಗೆಲ್ಲ ಹೊಸಬ್ರು ಹೊಸದಾಗಿ ನಗ್ತಾರೆ. ಇಲ್ಲಿ ಎಲ್ರೂ ನಕ್ಕು ಮುಗಿಸಿದ್ದಾರೆ."

ಗಿರಿಜಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ತಪಾಸಣೆಯ ಉಳಿದ ಅಂಶಗಳನ್ನು ಅದರ ಜೊತೆಗೇ ನುಂಗಿಕೊಂಡೆ.