ಒಂದಿಂಚಿನ ಬಾಗಿಲು

ಹೊರಗೋಡೆಯಲ್ಲಿ ಒಂದಿಂಚು ಅಗಲದ ತೂತು ಕೊರೆದು, ಬೀದಿಯ ಕಂಬದಿಂದ ಬಂದ ಕೇಬಲ್ಲನ್ನು ಮನೆಯೊಳಗೆ ತರಲು ಎಲೆಕ್ಟ್ರಿಷಿಯನ್ ಜೊತೆ ಕುದುರಿದ ವ್ಯಾಪಾರ: ಅರ್ಧ ದಿನದ ಕೂಲಿ, ಮೇಲೊಂದು ಚಹಾ.

ಮನೆಯನ್ನು ನಾನೇ ನಿಂತು ಕಟ್ಟಿಸಿದ್ದು. ಕಂಟ್ರಾಕ್ಟರುಗಳು ಸಿಮೆಂಟಿನಲ್ಲಿ ಎಷ್ಟು ಹೊಡೆಯುತ್ತಾರೆಂಬುದು ಸಿಮೆಂಟ್ ಅಂಗಡಿಯವನಾದ ನನಗೆ ಬಾಯಿಪಾಠ. ಹಾಗಾಗಿ ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯಿಸಿದೆ. ಎರಕಕ್ಕೆ ಮೊದಲೇ ಕೇಬಲ್ಲಿಗೆಂದು ಒಂದು ತುಂಡು ಪೈಪು ಇಡಬೇಕಿತ್ತು, ನಿಜ. ಆದರೆ ಪೈಪು ಎದುರಂಗಡಿಯ ಸರಕು. ಅವನಿಗೆ ವ್ಯಾಪಾರ ಕೊಡಲು ನನಗೆ ಮನಸ್ಸಾಗಲಿಲ್ಲ.

"ಮೇಣದಬತ್ತಿ ಬೆಳಕಲ್ಲಿ ನಿಮ್ಮ ಮುಖ ನೋಡ್ಕೊಂಡು ಕೂರೋಕೆ ನನಗೆ ಪುರಸೊತ್ತಿಲ್ಲ. ಕರೆಂಟ್ ಬಂದ ದಿನ ಹೇಳಿಕಳಿಸಿ" ಎಂದು ಹೊಸ ಮನೆಗೆ ಬಂದ ಸಂಜೆಯೇ ನನ್ನ ಹೆಂಡತಿ ತನ್ನ ಅಣ್ಣನ ಮನೆಗೆ ಹೋದಳು. ಅಂಗಡಿಯ ಗಲ್ಲೆಯಲ್ಲಿ ಕೂರುತ್ತಿದ್ದವಳೂ ಅವಳೇ. ನಷ್ಟ ಎರಡು ಕಡೆಯಿಂದ ಶುರುವಾಯಿತು.

ಎಲೆಕ್ಟ್ರಿಷಿಯನ್ ಗೋಡೆಗೆ ಡ್ರಿಲ್ ಇಟ್ಟು ತೂತು ಕೊರೆದು ಮುಗಿಸುವಷ್ಟರಲ್ಲಿ ಕಟ್ಟಡ ಕಚೇರಿಯ ಪರಿಶೀಲಕರು ಬಂದರು.

"ಇದು ಕಿಟಕಿಯೋ, ಬಾಗಿಲೋ?"

"ತೂತು ಸ್ವಾಮಿ. ಕೇಬಲ್ಲಿಗೆ."

"ತೂತು ಅಂತ ನಮ್ಮಲ್ಲಿ ಯಾವುದೂ ಇಲ್ಲ. ಗೋಡೆಯ ಈ ಬದಿಯಿಂದ ಆ ಬದಿಗೆ ಬಯಲಾಗುವ ಯಾವುದೇ ತೆರಪು ಕಿಟಕಿ ಅಥವಾ ಬಾಗಿಲು ಆಗಿರತಕ್ಕದ್ದು. ಯೋಚನೆ ಮಾಡಿ ಹೇಳಿ, ಅವಸರವಿಲ್ಲ."

ಕಿಟಕಿ ಅಗ್ಗವೆಂದು ಕಿಟಕಿ ಅಂದೆ. ಕಿಟಕಿಗೆ ಮೇಲೆ ಸಜ್ಜಾ, ಮುಂದೆ ಸರಳು ಕಡ್ಡಾಯ. ಬೆಂಕಿಪೊಟ್ಟಣದಷ್ಟು ಸಜ್ಜಾ ಎರಕ ಹೊಯ್ದೆವು. ಸರಳೆಂದು ತೂತಿನ ಅಂಚಿಗೆ ಒಂದು ಮೊಳೆ ಬಡಿದೆವು. ಪರಿಶೀಲಕರು ಬಗ್ಗಿ ನೋಡಿ, ಗಾಳಿ ಬೆಳಕು ಸಾಕಷ್ಟಿದೆಯೆಂದು ಒಪ್ಪಿಗೆ ಕೊಟ್ಟರು.

ವಿದ್ಯುತ್ ಕಚೇರಿಯ ಗುಮಾಸ್ತೆ ಒಪ್ಪಿಗೆ ಓದಿ ಕನ್ನಡಕ ತೆಗೆದರು. "ಕಿಟಕಿಯೊಳಗಿಂದ ಕೇಬಲ್ ಎಳೀತೀರಾ? ಮನೇಲಿ ಮಕ್ಕಳುಮರಿ ಓಡಾಡಲ್ವಾ? ಕಿಟಕಿಯಿಂದ ಕೊಡೋ ಹಾಗಿಲ್ಲಮ್ಮ."

"ನಾನು ಗಂಡಸು ಮೇಡಂ."

"ಗಂಡಸರಿಗೂ ಕೊಡೋ ಹಾಗಿಲ್ಲ."

ಉಳಿದದ್ದು ಬಾಗಿಲು. ತೂತಿಗೆ ಬಾಗಿಲೆಂದು ಅರ್ಜಿ ಹಾಕಿದೆ. ಪರಿಶೀಲಕರು ಕಿರುಬೆರಳನ್ನು ಒಳಗೆ ಹಾಕಿ, ಹೊರಗೆ ತೆಗೆದು, "ಪ್ರವೇಶ, ನಿರ್ಗಮನ ಎರಡೂ ಇದೆ" ಎಂದು ಬರೆದುಕೊಂಡರು.

"ಇದರಲ್ಲಿ ಮನುಷ್ಯರು ಹೋಗೋಕಾಗುತ್ತಾ ಸ್ವಾಮಿ?" ಎಂದ ಎಲೆಕ್ಟ್ರಿಷಿಯನ್.

"ಯಾರು ಹೋಗಬೇಕು, ಬಿಡಬೇಕು ಅನ್ನೋದು ಮನೆಯವರ ಖಾಸಗಿ ವಿಷಯ. ನಾವು ಕೇಳಲ್ಲ."

ಬೀದಿಗೆ ತೆರೆಯುವ ಬಾಗಿಲಾದ್ದರಿಂದ ಅದಕ್ಕೆ ಪ್ರತ್ಯೇಕ ಸಂಖ್ಯೆ ಬಂತು. ಪ್ರತ್ಯೇಕ ಸಂಖ್ಯೆ ಬಂದದ್ದರಿಂದ ಅದು ಪ್ರತ್ಯೇಕ ಮನೆಯಾಯಿತು. ಗುಮಾಸ್ತೆ ಸಂತೋಷದಿಂದ ಮಂಜೂರು ಮಾಡಿದರು. ಮರುದಿನವೇ ತೂತಿಗೆ ಕರೆಂಟ್ ಬಂತು.

ನಮಗೆ ಬರಲಿಲ್ಲ. ಒಂದು ಮನೆಯ ಕರೆಂಟನ್ನು ಪಕ್ಕದ ಮನೆಗೆ ಕೊಡುವುದು ಕಳ್ಳತನ.

"ಹಾಗಾದ್ರೆ ಪಕ್ಕದ ಮನೆ ಆಗಬೇಡಿ" ಎಂದು ಗುಮಾಸ್ತೆಯೇ ದಾರಿ ತೋರಿಸಿದರು. "ಆ ಮನೆಯ ಹಿಂಬದಿ ಕೋಣೆ ಆಗಿ. ನಿಮ್ಮದು ಎಷ್ಟು ರೂಮು?"

"ನಾಲ್ಕು. ಮೇಲೆ ಮಹಡಿ."

"ಮಹಡಿ ಇರೋ ಹಿಂಬದಿ ಕೋಣೆ ಅಂತ ಹಾಕ್ತೀನಿ. ಮನೆಯ ಯಜಮಾನರ ಒಪ್ಪಿಗೆ ತಂದುಬಿಡಿ."

ತೂತಿನ ಯಜಮಾನ ನಾನೇ ಎಂದು ಸಹಿ ಮಾಡಿ, ತೂತಿನ ಪರವಾಗಿ ನನಗೆ ನಾನೇ ಇರಲು ಅನುಮತಿ ಕೊಟ್ಟುಕೊಂಡೆ. ಎಲೆಕ್ಟ್ರಿಷಿಯನ್ ಮಳೆನೀರು ಒಳಗಿಳಿಯದಂತೆ ತೂತನ್ನು ಹೊರಗಡೆಗೆ ತುಸು ಇಳಿಜಾರು ಮಾಡಿ, ಎದುರಂಗಡಿಯ ಪೈಪನ್ನೇ ತೂರಿಸಿ, ಕೇಬಲ್ ಎಳೆದು ಸಂದು ಮೆತ್ತಿದ. ದೀಪ ಹತ್ತಿತು. ಹೇಳಿಕಳಿಸಿದೆ.

ಹೆಂಡತಿ ಬಂದು ಮೊದಲು ಸಜ್ಜಾ, ಮೊಳೆ, ನಂಬರ್ ಫಲಕ ನೋಡಿದಳು. ಚೀಲ ಕೆಳಗಿಟ್ಟು, "ಈ ಬೀದೀಲಿ ಇನ್ನೂ ಎಷ್ಟು ಜನ ಮನೆ ಕಟ್ತಿದಾರೆ?" ಎಂದು ಕೇಳಿದಳು.

ಈಗ ಕಚೇರಿಯವರೇ ಜನರನ್ನು ನಮ್ಮ ಅಂಗಡಿಗೆ ಕಳಿಸುತ್ತಾರೆ. ಸಜ್ಜಾ, ಸರಳು, ಫಲಕ ಸೇರಿದ ತೂತಿನ ಸೆಟ್ಟು ನಮ್ಮಲ್ಲಿ ಮಾತ್ರ ಸಿಗುತ್ತದೆ. ಪೈಪು ಬೇಕಾದರೆ ಎದುರಂಗಡಿ. ನಮ್ಮ ಬೀದಿಯವರೆಲ್ಲ ಹಿಂಬದಿ ಕೋಣೆಗಳಲ್ಲಿ ಸುಖವಾಗಿದ್ದಾರೆ. ಒಟ್ಟು ಗಳಿಕೆ: ಮನೆಗೆ ಬೆಳಕು, ಗಲ್ಲೆಗೆ ಹೆಂಡತಿ, ಮತ್ತು ಪ್ರತಿ ತೂತಿನ ಮೇಲೆ ಎರಡು ಚೀಲ ಸಿಮೆಂಟಿನ ಲಾಭ.